ಲಜ್ಜೆಯ ವ್ಯಾಪಾರ

ಅಂಗಡಿಯವನು ಅಕ್ಕಿಯಲ್ಲಿ ಕಲ್ಲು ಬೆರೆಸಿ ಮಾರಿದರೆ ಕೊಂಡವನು ಮರುದಿನವೇ ಚೀಲವನ್ನು ಹೊತ್ತು ತಂದು ನಾಲ್ವರ ಮುಂದೆ ಸುರಿಯುತ್ತಾನೆ. ಮೋಸಹೋದವನು ಕೂಗಿಕೊಳ್ಳುವನೆಂಬ ಭಯವೇ ವ್ಯಾಪಾರಧರ್ಮಕ್ಕೆ ಬಹುಮಟ್ಟಿಗೆ ಆಧಾರವೆನ್ನಬಹುದು. ಆದರೆ ಕೊಂಡವರು ಕೂಗಿಕೊಳ್ಳಲಾರದ ಸರಕೊಂದು ಉಂಟು. ಸ್ತ್ರೀಯರ ಆಂತರಿಕ ಶೌಚಕ್ಕೆಂದು, ವಿಜ್ಞಾನದ ಹೆಸರನ್ನು ಮುಂದಿಟ್ಟು ಮಾರುವ ಪದಾರ್ಥಗಳನ್ನು ಕುರಿತು ಹೇಳುತ್ತಿದ್ದೇನೆ. ಇಲ್ಲಿ ತಪ್ಪು ಯಾರದೆಂಬುದು ಮೇಲುನೋಟಕ್ಕೆ ತೋರುವಷ್ಟು ಸುಲಭವಾದ ಪ್ರಶ್ನೆಯಲ್ಲ.

ನಮ್ಮ ಮನೆಗಳಲ್ಲಿ ನೆಲ ಒರೆಸುವ ಲೈಜಾಲಿನ ಹೆಸರಿಗೆ ಮೂಲವಾದ ಲೈಸಾಲ್ 1889ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಕ್ರಿಮಿನಾಶಕ. ಆಗ ಅದರಲ್ಲಿದ್ದುದು ಚರ್ಮವನ್ನು ಸುಡತಕ್ಕ ಕ್ರೆಸಾಲ್. 1920ರಿಂದ 1940ರ ದಶಕದವರೆಗೆ ಅಮೆರಿಕದ ಮಹಿಳಾಪತ್ರಿಕೆಗಳು ಇದನ್ನೇ ನೀರಿನಲ್ಲಿ ಬೆರೆಸಿ ಯೋನಿಯನ್ನು ತೊಳೆಯುವಂತೆ ಜಾಹೀರಾತುಗಳ ಮೂಲಕ ಬೋಧಿಸಿದುವು. ಮುಖ ತಿರುಗಿಸಿದ ಗಂಡ, ಕಣ್ಣೀರಿಡುವ ಹೆಂಡತಿ. ಅವನ ಔದಾಸೀನ್ಯಕ್ಕೆ ಕಾರಣ ಇವಳ ಅಶೌಚವೆಂಬ ತೀರ್ಪು! ಸಾಕ್ಷಿಗೆ ಯೂರೋಪಿನ ವೈದ್ಯೆಯರ ಮಾತುಗಳೂ ಅಚ್ಚಾಗುತ್ತಿದ್ದುವು. ಅಮೆರಿಕದ ವೈದ್ಯಸಂಘವು ವಿಚಾರಿಸಿದಾಗ ಅಂತಹ ತಜ್ಞರೇ ಇರಲಿಲ್ಲವೆಂದು ತಿಳಿದುಬಂದಿತು.

ಹಾಗಾದರೆ ಕೊಂಡ ಸ್ತ್ರೀಯರು ಮೂಢರೋ? ಎಷ್ಟು ಮಾತ್ರಕ್ಕೂ ಅಲ್ಲ. ಗರ್ಭನಿರೋಧದ ಸಾಧನಗಳನ್ನೂ ಅದರ ತಿಳಿವಳಿಕೆಯನ್ನೂ ಅಂಚೆಯಲ್ಲಿ ಕಳುಹಿಸುವುದನ್ನು ಆ ದೇಶದ 1873ರ ಕಾಮ್‌ಸ್ಟಾಕ್ ಶಾಸನವು ಅಪರಾಧವೆಂದು ವಿಧಿಸಿತ್ತು. ಆದುದರಿಂದ ‘ಸ್ತ್ರೀಶೌಚ’ವೆಂಬ ಮಾತಿನ ಮರೆಯಲ್ಲಿ ಮಾರುವವನು ಸೂಚಿಸುತ್ತಿದ್ದುದೂ ಕೊಳ್ಳುವವಳು ತಿಳಿಯುತ್ತಿದ್ದುದೂ ಗರ್ಭನಿರೋಧವನ್ನೇ. ಅವಳ ಅಗತ್ಯ ನಿಜವಾದುದು, ಸೀಸೆಯೊಳಗಿನ ಉತ್ತರ ಮಾತ್ರ ಸುಳ್ಳು. ತೊಳೆಯುವ ವೇಳೆಗೆ ವೀರ್ಯಾಣುಗಳು ಗರ್ಭಕಂಠವನ್ನು ಸೇರಿರಬಲ್ಲವು, ತೊಳೆದು ಫಲವೇನು? ಗರ್ಭ ನಿಂತ ಮೇಲೆ ಅವಳು ಯಾರ ಬಳಿ ದೂರುವುದು? ಬಾಯಿಬಿಟ್ಟು ಹೇಳದ ಆಶ್ವಾಸನೆಯನ್ನು ಮುರಿದನೆಂದು ಯಾರನ್ನೂ ಹಿಡಿಯಲಾಗದಷ್ಟೆ. ಸರಕನ್ನು ಮಾರಿಸಿದ ನಾಚಿಕೆಯೇ ಮಾರಿದವನಿಗೆ ರಕ್ಷೆಯಾಯಿತು.

ತೊಳೆಯುವ ಅಗತ್ಯವಾದರೂ ಇತ್ತೇ ಎಂದರೆ, ಅದೂ ಇರಲಿಲ್ಲ. ಯೋನಿಯಲ್ಲಿ ಸಹಜವಾಗಿ ವಾಸಿಸುವ ಸೂಕ್ಷ್ಮಜೀವಿಗಳನ್ನು ಆಲ್ಬರ್ಟ್ ಡೋಡರ್‌ಲೈನ್ ಎಂಬ ಜರ್ಮನ್ ವೈದ್ಯನು 1892ರಲ್ಲಿಯೇ ವರ್ಣಿಸಿದ್ದನು. ಅವು ಹುಟ್ಟಿಸುವ ಲ್ಯಾಕ್ಟಿಕ್ ಆಮ್ಲವು ಅಲ್ಲಿಯ ಪಿಎಚ್ ಪ್ರಮಾಣವನ್ನು ಸುಮಾರು 3.8ರಿಂದ 4.5ರಲ್ಲಿರಿಸಿ ರೋಗಕಾರಕಗಳನ್ನು ತಡೆಯುತ್ತದೆ. ಹಾಲು ಹೆಪ್ಪಾಗಿ ಮೊಸರಾಗುವುದಕ್ಕೆ ಕಾರಣವಾದ ಜೀವಿಗಳ ಬಳಗವೇ ಇದು. ಈ ಕಾವಲನ್ನು ಶುದ್ಧಿಯ ಹೆಸರಿನಲ್ಲಿ ಕೊಚ್ಚಿಹಾಕುವುದು ಸೋಂಕಿಗೆ ಬಾಗಿಲು ತೆರೆದಂತೆ.

ಇದೆಲ್ಲ ಹಿಂದಿನ ಮಾತೆಂದು ಸಮಾಧಾನಪಡುವಂತಿಲ್ಲ. 2012ರಲ್ಲಿ ನಮ್ಮ ದೇಶದ ದೂರದರ್ಶನಗಳಲ್ಲಿ ಇಂತಹುದೇ ದ್ರವವೊಂದರ ಜಾಹೀರಾತು ಬಂದಿತು. ಪತ್ರಿಕೆಯಿಂದ ಕಣ್ಣೆತ್ತದ ಗಂಡ, ಕಳೆಗುಂದಿದ ಹೆಂಡತಿ. ಶುದ್ಧಿಯೊಡನೆ ಬಿಳುಪಿನ ಆಸೆಯೂ ಸೇರಿತ್ತೆಂಬುದೊಂದೇ ಹೊಸತು. 2017ರಲ್ಲಿ ಅಮೆರಿಕದ ಗೂಪ್ ಸಂಸ್ಥೆಯು ಯೋನಿಯಲ್ಲಿರಿಸಿಕೊಳ್ಳಲು ಪಚ್ಚೆಶಿಲೆಯ ಮೊಟ್ಟೆಯನ್ನು 66 ಡಾಲರಿಗೆ ಮಾರಿತು. ಇದು ಪ್ರಾಚೀನ ಚೀನಾದ ಅಂತಃಪುರದ ರಹಸ್ಯವಂತೆ! ಜೆನ್ ಗುಂಟರ್ ಎಂಬ ವೈದ್ಯೆಯು ಸಂಗಡಿಗರೊಬ್ಬರೊಡನೆ ವಸ್ತುಸಂಗ್ರಹಾಲಯಗಳ ಐದು ಸಾವಿರಕ್ಕೂ ಮಿಕ್ಕ ಪಚ್ಚೆಶಿಲೆಯ ವಸ್ತುಗಳ ವಿವರವನ್ನು ಶೋಧಿಸಿದರೂ ಅಂತಹ ಮೊಟ್ಟೆ ಒಂದೂ ದೊರೆಯಲಿಲ್ಲ. 2018ರಲ್ಲಿ ಆ ಸಂಸ್ಥೆಯು ಆಧಾರವಿಲ್ಲದ ಆರೋಗ್ಯಪ್ರಚಾರದ ಮೊಕದ್ದಮೆಯೊಂದನ್ನು 1,45,000 ಡಾಲರು ತೆತ್ತು ಇತ್ಯರ್ಥಮಾಡಿಕೊಂಡಿತು. ಅಷ್ಟು ದೊಡ್ಡ ಸಂಸ್ಥೆಗೆ ಇದು ದಂಡವೋ, ವ್ಯಾಪಾರದ ಖರ್ಚೋ!

ಸುಳ್ಳು ಹೇಳಿದವನು ದೋಷಿಯೆಂಬುದರಲ್ಲಿ ವಿವಾದವಿಲ್ಲ. ಆದರೆ ಅವನ ಮೂಲಧನವಾದ ನಾಚಿಕೆ ಅವನು ಸಂಪಾದಿಸಿದ್ದಲ್ಲ. ನಾವು ಬಡ್ಡಿಯಿಲ್ಲದೆ ಕೊಟ್ಟದ್ದು. ಲಜ್ಜೆ ಕುಲಸ್ತ್ರೀಯರ ಭೂಷಣ, ಅದನ್ನು ಬಿಡೆನ್ನುವಿರಾ ಎಂದು ಹಿರಿಯರು ಕೇಳಬಹುದು. ಬಿಡಬೇಕೆಂದು ನಾನೂ ಹೇಳುವುದಿಲ್ಲ. ಲಜ್ಜೆಯಿರುವುದು ಪರರ ಮುಂದೆ ಅಂತರಂಗವನ್ನು ಕಾಯುವುದಕ್ಕಲ್ಲವೆ? ಇಲ್ಲಿಯಾದರೋ ಪರನಾದ ವ್ಯಾಪಾರಿಯು ನಡುಮನೆಯಲ್ಲಿ ನಿಂತು ನಮ್ಮ ಹೆಣ್ಣುಮಕ್ಕಳಿಗೆ ಅವರ ದೇಹ ಕೊಳಕೆಂದು ನಿಸ್ಸಂಕೋಚವಾಗಿ ಸಾರುತ್ತಾನೆ; ಅದು ಕೊಳಕಲ್ಲವೆಂದು ಹೇಳಬೇಕಾದ ತಾಯಿ ಬಾಯಿಮುಚ್ಚಿರುತ್ತಾಳೆ, ತಂದೆ ಎದ್ದು ಹೊರಗೆ ಹೋಗುತ್ತಾನೆ. ಇದು ಯಾರನ್ನು ಕಾಯುವ ಲಜ್ಜೆ?

ಪರರನ್ನು ದೂರಿ ನಾನು ಪಾರಾಗುವಂತಿಲ್ಲ. ಈ ಲೇಖನದ ಮೊದಲ ಪ್ರತಿಯಲ್ಲಿ ‘ಯೋನಿ’ ಎಂದು ಬರೆಯಬೇಕಾದ ಕಡೆಗಳಲ್ಲೆಲ್ಲ ನಾನೂ ‘ಆ ಭಾಗ’ ಎಂದೇ ಬರೆದಿದ್ದೆ. ಓದಿ ನೋಡಿ, ನಾಚಿ, ಒಂದೊಂದಾಗಿ ತಿದ್ದಿದೆ.