ಹಳೆಯ ವಿಳಾಸ

ಡೆನಿಸ್ ರಿಚಿ 1972ರ ಸುಮಾರಿಗೆ ಕಟ್ಟಿದ ಸಿ ಭಾಷೆಯನ್ನು ಕಲಿಯುತ್ತಿದ್ದ ಮಗ, ರಜೆಗೆ ಸುರೇಬಾನಕ್ಕೆ ಬಂದಾಗ ‘ರಿಯಲಾಕ್’ ಎಂಬುದನ್ನು ವಿವರಿಸಿದ. ಸಮಾಜ ಪಾಠ ಹೇಳುವ ನನಗೇಕೆ ಅದು? ಆದರೂ ಕೇಳಿದೆ. ಪ್ರೋಗ್ರಾಮಿಗೆ ಮೆಮೊರಿಯಲ್ಲಿ ಪಡೆದ ಜಾಗ ಸಾಲದಾದಾಗ ಹೆಚ್ಚಿಗೆ ಕೇಳುವ ರೀತಿ ಅದು. ಪಕ್ಕದಲ್ಲಿ ತೆರವಿದ್ದರೆ ಅಲ್ಲಿಯೇ ಬೆಳೆಯಬಹುದು. ಇಲ್ಲವಾದರೆ ಇದ್ದುದನ್ನೆಲ್ಲ ಬೇರೆಡೆಗೆ ನಕಲು ಮಾಡಿ, ಹಳೆಯದನ್ನು ಬಿಟ್ಟುಕೊಟ್ಟು, ಹೊಸ ವಿಳಾಸ ಕೊಡುತ್ತದೆ. ಎಲ್ಲಿಯೂ ಸಿಗದಿದ್ದರೆ ಉತ್ತರ ‘ನಲ್’. ಹಳೆಯದು ಆಗಲೂ ಹಾಗೆಯೇ ಇರುತ್ತದೆ.

“ಆದ್ರ ಅವ್ವಾ, ಬಂದ ಉತ್ತರಾ ಹಳೇ ವಿಳಾಸದ ಮ್ಯಾಲೇ ಬರದ್ರ ಕೆಟ್ಟಿತು. ಜಾಗಾ ಇರ್ತದ, ಹೋಗೂ ದಾರಿ ಇರೂದಿಲ್ಲ. ಮೊದಲ ಬ್ಯಾರೇ ಕಡೆ ಬರಕೊಂಡು ನೋಡಬೇಕು.”

ಏಳನೆಯ ವರ್ಗದ ಒಬ್ಬ ಹುಡುಗಿ ನೆನಪಾದಳು. ಜಾಣೆ. ನಮ್ಮ ಶಾಲೆ ಅವಳಿಗೆ ಸಾಲದೆಂದು ಅವಳಪ್ಪನನ್ನು ಒಪ್ಪಿಸಿ ಟಿ.ಸಿ. ಕೊಡಿಸಿದವಳು ನಾನೇ. ಪಟ್ಟಣದಲ್ಲಿ ಸೀಟು ಸಿಗಲಿಲ್ಲ. ಇಲ್ಲಿ ಹಾಜರಿ ಪುಸ್ತಕದಲ್ಲಿ ಹೆಸರು ಹೊಡೆದಾಗಿತ್ತು. ಬೆಂಚಿನ ಮೇಲೆ ಅವಳ ಜಾಗವೇನೋ ಖಾಲಿಯೇ ಇತ್ತು. ಮತ್ತೆ ಬಂದು ಕೇಳಲು ಅವಳಪ್ಪನಿಗೆ ಸಂಕೋಚ, ಕರೆಯಲು ನನಗೆ ಬಿಗುಮಾನ. ಒಳ್ಳೆಯದನ್ನೇ ಬಯಸಿದ್ದೆನಲ್ಲ ಎಂದು ಅನೇಕ ಸಲ ಅಂದುಕೊಂಡಿದ್ದೇನೆ. ಆದರೆ ಬಯಕೆ ನನ್ನದು, ಹೋದದ್ದು ಅವಳದು. ಆ ಲೆಕ್ಕ ಹೇಗೆ ಕೂಡಿಸಲಿ? ಶಾಲೆಯಿಂದ ಅವರ ಮನೆಗೆ ಹತ್ತು ನಿಮಿಷದ ದಾರಿ. ನಾನು ಹೋಗಲಿಲ್ಲ.