ಹಿಂದಿರುಗಿ ಬಂದವನು ಒಬ್ಬನೇ

ದಿನಕ್ಕೊಮ್ಮೆಯಾದರೂ ದೇವರಿಗೆ ವಂದನೆ ಹೇಳಿ ಎಂದು ಗೋಕಾಕದ ಮನೆಗಳಲ್ಲಿ ಬೋಧಿಸುವುದು ಸುಲಭವಲ್ಲ. 2019ರ ಆಗಸ್ಟ್‌ನಲ್ಲಿ ಘಟಪ್ರಭೆ ಊರೊಳಗೆ ನುಗ್ಗಿದ್ದನ್ನು ಕಂಡವರು ಅವರು. ಲೋಳಸೂರು ಸೇತುವೆ ಮುಳುಗಿತ್ತು. ಮೂಡಲಗಿ ಕಡೆಯ ನದಿದಂಡೆಯ ಕಬ್ಬಿನ ಹೊಲಗಳಲ್ಲಿ ನೀರು ನಿಂತಿತ್ತು. ಗೋಡೆ ಕುಸಿದವನ ಮುಂದೆ ನಿಂತು ‘ಎಲ್ಲವೂ ಒಳ್ಳೆಯದಕ್ಕೇ’ ಎನ್ನುವುದು ಭಕ್ತಿಯಲ್ಲ, ಕಲ್ಲೆದೆ. ಕೀರ್ತನೆಗಳ ಗ್ರಂಥದಲ್ಲಿ ಸ್ತುತಿಯ ಜೊತೆಗೆ ಗೋಳೂ ಇದೆ. ದೇವರು ಅದನ್ನೂ ಪ್ರಾರ್ಥನೆಯೆಂದೇ ಆಲಿಸುತ್ತಾರೆ.

ಆದರೆ ಅದೇ ನದಿ ಹುಕ್ಕೇರಿ ತಾಲ್ಲೂಕಿನ ಹಿಡಕಲ್ ಜಲಾಶಯದಲ್ಲಿ ತಂಗಿ, ಕಾಲುವೆಗಳಲ್ಲಿ ಹರಿದು, ಎಷ್ಟೋ ವರ್ಷ ನಮ್ಮ ಗಂಗಾಳ ತುಂಬಿಸಿದೆ. ಆ ದಿನಗಳನ್ನು ಎಣಿಸಿದವರು ಯಾರು? ನೆರೆ ಬಂದ ತಿಂಗಳು ನೆನಪಿದೆ, ಹೊಲಕ್ಕೆ ನೀರು ಬಂದ ದಿನಗಳು ನೆನಪಿಲ್ಲ. (ನನ್ನದೂ ಅದೇ ಲೆಕ್ಕ, ಕರೆಂಟು ನೆನಪಾಗುವುದು ಹೋದಾಗ ಮಾತ್ರ.)

ಸಂತ ಲೂಕರ ಶುಭಸಂದೇಶದ 17ನೆಯ ಅಧ್ಯಾಯದಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಗುಣಹೊಂದಿದರು. ಯೇಸುಸ್ವಾಮಿಯ ಬಳಿಗೆ ಹಿಂದಿರುಗಿದವನು ಸಮಾರಿಯದವನೊಬ್ಬನೇ. ಉಳಿದ ಒಂಬತ್ತು ಮಂದಿ ಕೆಟ್ಟವರೆಂದು ನನಗನ್ನಿಸುವುದಿಲ್ಲ. ಮನೆ ಸೇರುವ ಆತುರವಿದ್ದೀತು, ಅಷ್ಟೇ. ಇವನು ದಾರಿ ನಡುವೆ ತನ್ನ ಮೈ ನೋಡಿಕೊಂಡ, ನಡೆದ ದಾರಿಯನ್ನೇ ಮತ್ತೆ ನಡೆದ.

ಇಂದು ರಾತ್ರಿ ಕುಟುಂಬ ಪ್ರಾರ್ಥನೆಯನ್ನು ‘ಎಲ್ಲದಕ್ಕೂ ವಂದನೆ’ ಎಂದು ಮುಗಿಸಿಬಿಡಬೇಡಿ. ಒಂದನ್ನು ಹೆಸರಿಟ್ಟು ಹೇಳಿ: ರೊಟ್ಟಿ ಬಡಿದ ಕೈ, ಜ್ವರ ಇಳಿದ ಮಗು, ನೆರೆ ಬಂದ ರಾತ್ರಿ ಬಾಗಿಲು ತೆರೆದ ಪಕ್ಕದ ಮನೆಯವರು. ಮೊದಲು ಮನೆಯ ಕಿರಿಯ ಮಗುವೇ ಹೇಳಲಿ. ಅದಕ್ಕೆ ನಮಗಿಂತ ಬೇಗ ಹೊಳೆಯುತ್ತದೆ.