ಇಂದಿನ ಚಿಂತನೆ: ನೆರಳು ಕೊಟ್ಟ ಮರ



ಕಳೆದ ವಾರ ವಿಜ್ಞಾನದ ಮೇಡಂ ರಜೆಯಲ್ಲಿದ್ದರು. ಕನ್ನಡ ಮೇಷ್ಟ್ರಾದ ನಾನೇ ಎಂಟನೇ ತರಗತಿಗೆ ಮರುಭೂಮಿಯ ಸಸ್ಯಗಳ ಬಗ್ಗೆ ಹೇಳಬೇಕಾಯಿತು. ಮೊಬೈಲಿನಲ್ಲಿ ಸಗ್ವಾರೊ ಕಳ್ಳಿಯ ಚಿತ್ರ ತೋರಿಸಿದೆ. ಸಿನಿಮಾಗಳಲ್ಲಿ ಕೌಬಾಯ್‌ಗಳ ಹಿಂದೆ ಕೈ ಎತ್ತಿ ನಿಂತಿರುತ್ತದಲ್ಲ, ಕಂಬದಂಥ ಆ ಕಳ್ಳಿ. (ನಮ್ಮ ಬೇಲಿಯ ಹಾಲುಗಳ್ಳಿ ಹೆಸರಿಗಷ್ಟೇ ಕಳ್ಳಿ, ಇದರ ಕುಟುಂಬದ್ದಲ್ಲ.)

ಅಮೆರಿಕದ ಅರಿಜೋನಾದಿಂದ ಮೆಕ್ಸಿಕೊವರೆಗೆ ಹಬ್ಬಿದ ಸೊನೋರನ್ ಮರುಭೂಮಿ ಇದರ ತವರು. 40 ಅಡಿ ಬೆಳೆಯಬಲ್ಲ, 150 ವರ್ಷ ಬಾಳಬಲ್ಲ ಈ ಗಿಡ ಮೊದಲ 8 ವರ್ಷಗಳಲ್ಲಿ ಬೆಳೆಯುವುದು ಸುಮಾರು ಒಂದೂವರೆ ಇಂಚು. ಬೆರಳಿನ ಒಂದು ಗೆಣ್ಣಿನಷ್ಟು! ಬಟ್ಟಬಯಲಿನಲ್ಲಿದ್ದರೆ ಬಿಸಿಲೋ ಚಳಿಯೋ ಮೇಯುವ ಪ್ರಾಣಿಯೋ ಮುಗಿಸಿಬಿಡುತ್ತದೆ. ಉಳಿದುಕೊಳ್ಳುವ ಸಸಿಗಳು ಹೆಚ್ಚಾಗಿ ಪಾಲೊ ವರ್ಡೆ, ಐರನ್‌ವುಡ್‌ನಂಥ ಮರಗಳ ಬುಡದಲ್ಲಿರುತ್ತವೆ. ಹಣ್ಣು ತಿಂದ ಹಕ್ಕಿ ಕೊಂಬೆಯ ಮೇಲೆ ಕೂತು ಹಿಕ್ಕೆ ಹಾಕಿದಾಗ ಬೀಜ ಅಲ್ಲಿ ಬೀಳುತ್ತದೆ. ಅಂಥ ಮರಕ್ಕೆ ಸಸ್ಯಶಾಸ್ತ್ರದವರು ದಾದಿ ಮರ ಎನ್ನುತ್ತಾರೆ.

ದಶಕಗಳು ಕಳೆದ ಮೇಲೆ ಕಳ್ಳಿ ದಾದಿಯನ್ನು ಮೀರಿ ಬೆಳೆಯುತ್ತದೆ. ಅದರ ಬಹುಪಾಲು ಬೇರುಗಳು ನೆಲದ ಮೇಲ್ಪದರದಲ್ಲೇ ದೂರದವರೆಗೆ ಹರಡಿರುತ್ತವೆ. ಬಿದ್ದ ಅಷ್ಟಿಷ್ಟು ಮಳೆಯನ್ನು ಅವು ಹೀರಿಕೊಂಡರೆ ಆಳದಲ್ಲಿರುವ ಮರದ ಬೇರಿಗೆ ಇಳಿಯುವ ನೀರು ಕಡಿಮೆ. ಕಳ್ಳಿಯ ಜೊತೆಗಿರುವ ಪಾಲೊ ವರ್ಡೆಗಳಲ್ಲಿ ಒಣಗಿದ ಕೊಂಬೆಗಳೂ ಸಾವೂ ಹೆಚ್ಚೆಂದು ಸಂಶೋಧಕರು ಗುರುತಿಸಿದ್ದಾರೆ.

ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಸರ್, ಸಾಕಿದವರನ್ನೇ ಒಣಗಿಸೋದು ತಪ್ಪಲ್ವಾ?"

ಮಕ್ಕಳಿಗೆ ಗಿಡವೂ ಮನುಷ್ಯರೇ. ಆ ಸೀಮೆಯ ಟೊಹೊನೊ ಓಧಮ್ ಜನರೂ ಸಗ್ವಾರೊವನ್ನು ಮನುಷ್ಯರೆಂದೇ ಕಾಣುತ್ತಾರೆ.

"ಗಿಡಕ್ಕೆ ಉದ್ದೇಶ ಇರಲ್ಲಮ್ಮ" ಎಂದೆ. ಚೇತನಾ, ಅಂದರೆ ಸಂಕಲ್ಪವನ್ನೇ ಬುದ್ಧರು ಕರ್ಮವೆಂದರು ಎಂದು ನಮ್ಮ ಬಳಗದಲ್ಲಿ ಎಷ್ಟು ಸಲ ಓದಿಲ್ಲ! ಉತ್ತರ ಸರಿಯೇ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಅದು ನನ್ನನ್ನು ಕುಟುಕಿತು. ಅದೇ ಉತ್ತರವನ್ನು ನನಗೆ ನಾನೇ ಕೊಟ್ಟುಕೊಂಡು ಬಂದವನು ನಾನು.

ಅಪ್ಪ ಹಾಸಿಗೆ ಹಿಡಿದ ವರ್ಷ ಅಕ್ಕ ಎಸ್ಸೆಸ್ಸೆಲ್ಸಿಗೇ ಓದು ನಿಲ್ಲಿಸಿ ಹೊಲಿಗೆ ಯಂತ್ರದ ಮುಂದೆ ಕೂತಳು. ಆ ದುಡ್ಡಿನಲ್ಲೇ ನಾನು ಎಂ.ಎ.ವರೆಗೆ ಓದಿದ್ದು. ಅವಳು ಶಾಲೆ ಬಿಟ್ಟಾಗ ನನಗೆ 13 ವರ್ಷ. ಬಿಡು ಎಂದು ನಾನೇನೂ ಹೇಳಿರಲಿಲ್ಲ, ಆದ್ದರಿಂದ ದೋಷವಿಲ್ಲ. 13ರ ಹುಡುಗನಿಗೆ ಒಪ್ಪುವ ಮಾತಿದು. 46ರ ಮೇಷ್ಟ್ರಿಗೆ? ಕಳ್ಳಿಗೆ ಪಕ್ಕಕ್ಕೆ ತಿರುಗಿ ನೋಡಲು ಬರುವುದಿಲ್ಲ. ನನಗೆ ಬರುತ್ತಿತ್ತು. ನೋಡದೇ ಇದ್ದದ್ದು ಸಂಕಲ್ಪವಲ್ಲವೇ?

ನೆಂಟರೆಲ್ಲ ಅಕ್ಕನನ್ನು ತ್ಯಾಗಮಯಿ ಎನ್ನುತ್ತಾರೆ. ನಾನೂ ಭಾಷಣಗಳಲ್ಲಿ ಹಾಗೆಂದು ಚಪ್ಪಾಳೆ ಗಿಟ್ಟಿಸಿದ್ದೇನೆ. ಪಾಲೊ ವರ್ಡೆ ತ್ಯಾಗ ಮಾಡಲಿಲ್ಲ, ಅದು ನಿಂತಿತ್ತು, ಬೀಜ ಬಿತ್ತು. ದಾನ ಎನ್ನಬೇಕಾದರೆ ಕೊಡುವವರು ಮನಸ್ಸು ಮಾಡಿರಬೇಕು. ಅಕ್ಕನನ್ನು ಯಾರೂ ಕೇಳಿರಲಿಲ್ಲ. ತ್ಯಾಗ ಎಂದುಬಿಟ್ಟರೆ ಆಮೇಲೂ ಕೇಳಬೇಕಿಲ್ಲ, ಆ ಪದದ ಅನುಕೂಲವೇ ಅದು.

ಭಾನುವಾರ ಅವಳ ಮನೆಗೆ ಹೋಗಿದ್ದೆ. "ಅಕ್ಕಾ, ಓದೋಕೆ ಆಗಿದ್ರೆ ಏನು ಓದ್ತಿದ್ದೆ?" ಅಂದೆ. ಸೂಜಿಗೆ ದಾರ ಪೋಣಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಲೆಕ್ಕ ಕಣೋ. ನೂರಕ್ಕೆ ತೊಂಬತ್ತೊಂದು ಬಂದಿತ್ತು ನಂಗೆ. ನಿಂಗೆ ಗೊತ್ತಿರಲಿಲ್ವಾ?"

ಗೊತ್ತಿರಲಿಲ್ಲ.